ಕಾರಿನ ಚಾರ್ಜರ್ ಮತ್ತು ಮನೆಯ ಅರ್ಥ್: ಒಂದು ವಿಮರ್ಶೆ

ವಿದ್ಯುತ್ ವಾಹನಗಳ ಚಾರ್ಜಿಂಗ್ ಬಗ್ಗೆ ಕೇಂದ್ರ ವಿದ್ಯುತ್ ಮಂತ್ರಾಲಯ 2022ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮನೆಯವರಿಗೆ ಸಂಬಂಧಿಸಿದ ಮಾತು ಮುಖ್ಯವಾಗಿ ಒಂದೇ. ವಾಹನದ ಮಾಲೀಕರು ತಮ್ಮ ಮನೆಯಲ್ಲಿ ಅಥವಾ ಕಛೇರಿಯಲ್ಲಿ ಈಗಾಗಲೇ ಇರುವ ವಿದ್ಯುತ್ ಸಂಪರ್ಕವನ್ನೇ ಬಳಸಿ ಚಾರ್ಜ್ ಮಾಡಿಕೊಳ್ಳಬಹುದು. 2018ರ ಡಿಸೆಂಬರ್‌ನ ಮಾರ್ಗಸೂಚಿಯೂ ಮನೆಯ ಚಾರ್ಜಿಂಗ್‌ಗೆ ಅನುಮತಿ ನೀಡಿತ್ತು. 2024ರ ಪರಿಷ್ಕೃತ ರೂಪವೂ ಇದೇ ದಾರಿಯಲ್ಲಿದೆ. ಬೇಕಾದರೆ ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕಬಹುದು. ಲೈಸೆನ್ಸ್ ಇಲ್ಲ, ಕಛೇರಿಗಳಿಗೆ ಅಲೆದಾಟವಿಲ್ಲ. ಇದು ಒಳ್ಳೆಯದೇ. ನನ್ನ ತಕರಾರು ‘ಈಗಾಗಲೇ ಇರುವ ಸಂಪರ್ಕ’ ಎಂಬ ಮಾತಿನ ಬಗ್ಗೆ. ಅದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ನಗರದ ಮನೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಆ ಸಂಪರ್ಕ ಹೇಗಿದೆ ಎಂದು ಯಾರೂ ನೋಡಿದಂತಿಲ್ಲ.

ವಾಹನದ ಜೊತೆ ಬರುವ ಕೈಪಿಡಿಗಳದ್ದೂ ಇದೇ ಕಥೆ. ನಾನು ಓದಿದ ಕೆಲವು ಕೈಪಿಡಿಗಳಲ್ಲಿ ಬ್ಯಾಟರಿಗೆ, ಪರದೆಗೆ, ಮೊಬೈಲ್ ಆ್ಯಪ್‌ಗೆ ಪುಟಗಟ್ಟಲೆ ವಿವರಣೆ ಇದೆ. ಮನೆಯ ವೈರಿಂಗ್ ಬಗ್ಗೆ ಎರಡು ಸಾಲು: ಸರಿಯಾದ ಅರ್ಥಿಂಗ್ ಇರುವ ಪ್ಲಗ್ಗನ್ನೇ ಬಳಸಬೇಕು, ಅರ್ಹ ಎಲೆಕ್ಟ್ರಿಷಿಯನ್‌ರಿಂದ ತಪಾಸಣೆ ಮಾಡಿಸಬೇಕು. ‘ಸರಿಯಾದ’ ಎಂದರೆ ಎಷ್ಟು ಓಮ್? ‘ತಪಾಸಣೆ’ ಎಂದರೆ ಯಾವ ಉಪಕರಣದಿಂದ? ಇದಕ್ಕೆ ಉತ್ತರವಿಲ್ಲ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೊಬ್ಬ ‘ಸರಿಯಾದ ರೋಧ’ ಎಂದು ದಾಖಲೆ ಪುಸ್ತಕದಲ್ಲಿ ಬರೆದರೆ ನಾವು ಅಂಕ ಕೊಡುವುದಿಲ್ಲ.

ಕಂಬದಿಂದ ಮನೆಗೆ

ಶರಾವತಿ ವಿದ್ಯುದಾಗಾರದ 1,035 ಮೆಗಾವಾಟ್ ಸಾಗರ ತಾಲ್ಲೂಕಿನ ನೀರಿನದು. ವಾರಾಹಿಯ 460 ಮೆಗಾವಾಟ್‌ಗೆ ನೀರು ಕೊಡುವ ಮಾಣಿ ಅಣೆಕಟ್ಟು ಇರುವುದು ಹೊಸನಗರ ತಾಲ್ಲೂಕಿನಲ್ಲಿ. ಜೋಗದ ಮಹಾತ್ಮಾ ಗಾಂಧಿ ವಿದ್ಯುದಾಗಾರ 1948ರಷ್ಟು ಹಳೆಯದು. ಆ ವಿದ್ಯುತ್ತು ಎತ್ತರದ ಗೋಪುರಗಳ ಮೇಲೆ ದೂರ ಹೋಗುತ್ತದೆ. ಗೋಪುರದ ಕೆಳಗಿನ ಮನೆಗೆ ಬರುವುದು ಕಾಡಿನ ನಡುವೆ ಹಾದು ಬಂದ 11 ಕಿಲೋವೋಲ್ಟ್ ಮಾರ್ಗದ ತುದಿಯ ಟಿ.ಸಿ.ಯಿಂದ, ಅಲ್ಲಿಂದ ಕಂಬದ ಮೇಲಿನ ತಂತಿಯಲ್ಲಿ. ಮನೆಗಳು ಒತ್ತಾಗಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ತೋಟ, ಗದ್ದೆ, ಸೊಪ್ಪಿನ ಬೆಟ್ಟ ದಾಟಬೇಕು.

ಒಂದು ಲೆಕ್ಕ ಮಾಡೋಣ. ಮನೆ ಟಿ.ಸಿ.ಯಿಂದ 400 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಮಾರ್ಗದಲ್ಲಿ ‘ವೀಸೆಲ್’ ಎಂಬ, ಉಕ್ಕಿನ ಎಳೆಯುಳ್ಳ ಅಲ್ಯೂಮಿನಿಯಂ ತಂತಿ ಇದ್ದರೆ ಕಿಲೋಮೀಟರಿಗೆ ರೋಧ ಸುಮಾರು 0.9 ಓಮ್. ವಿದ್ಯುತ್ತು ಹೋಗಿ ಬರಬೇಕಾದ್ದರಿಂದ 800 ಮೀಟರ್, ಅಂದರೆ 0.72 ಓಮ್. ಕಂಬದಿಂದ ಮನೆಗೆ 30 ಮೀಟರ್ ಉದ್ದದ, 4 ಚದರ ಮಿ.ಮೀ. ಅಲ್ಯೂಮಿನಿಯಂ ಸರ್ವಿಸ್ ವೈರ್ ಎಂದರೆ ಇನ್ನೂ 0.44 ಓಮ್. ಒಟ್ಟು 1.16 ಓಮ್. ಸಾಮಾನ್ಯ ಪವರ್ ಪ್ಲಗ್ಗಿಗೆ ಹಾಕುವ ಚಾರ್ಜರ್ ಹೆಚ್ಚೆಂದರೆ 15 ಆಂಪಿಯರ್ ಎಳೆಯುತ್ತದೆ. ಓಮನ ನಿಯಮದಂತೆ ದಾರಿಯಲ್ಲೇ 17 ವೋಲ್ಟ್ ಇಳಿಯಿತು. 230 ಇದ್ದದ್ದು 213 ಆಯಿತು. ಇದು ಬೇರೆ ಯಾರೂ ಏನನ್ನೂ ಬಳಸದಿರುವಾಗ. ಷೋರೂಮಿನಲ್ಲಿ ‘ವೇಗದ ಚಾರ್ಜರ್’ ಎಂದು ತೋರಿಸುವ 7.2 ಕಿಲೋವಾಟ್‌ನ ಗೋಡೆ ಪೆಟ್ಟಿಗೆಯನ್ನು ಅದೇ ಮನೆಗೆ ಹಾಕಿದರೆ ಅದು ಎಳೆಯುವುದು ಸುಮಾರು 32 ಆಂಪಿಯರ್. ಆಗ ಇಳಿಕೆ 37 ವೋಲ್ಟ್. ತಂತಿಯಲ್ಲಿ ಬರಿದೇ ಶಾಖವಾಗಿ ಹೋಗುವುದು ಸುಮಾರು 1,190 ವಾಟ್. ಈ ನಷ್ಟ ಮೀಟರಿನ ಆಚೆಗೆ ಆಗುವುದರಿಂದ ನಮ್ಮ ಬಿಲ್ಲಿನಲ್ಲಿ ಕಾಣುವುದಿಲ್ಲ. ಆದರೆ ಅದೇ ಮಾರ್ಗದ ಪಕ್ಕದ ಮನೆಯ ಪಂಪಿಗೂ ದೀಪಕ್ಕೂ ಕಾಣುತ್ತದೆ.

ಮನೆಯ ಒಳಗೂ ಒಂದು ವಿಚಾರವಿದೆ. ನಗರದ ಮನೆಯ ವೈರಿಂಗ್ ಗೀಸರ್, ಹವಾನಿಯಂತ್ರಕಗಳನ್ನು ಕಂಡದ್ದು. ಮಲೆನಾಡಿನ ಬಹಳಷ್ಟು ಮನೆಗಳಲ್ಲಿ ಸ್ನಾನದ ನೀರು ಕಾಯುವುದು ಬಚ್ಚಲ ಒಲೆಯ ಹಂಡೆಯಲ್ಲಿ, ಸೌದೆಯಿಂದ. ಅಡಿಕೆ ತೋಟದ ಪಂಪಿನ ಸಂಪರ್ಕವೇ ಬೇರೆ. ಹೀಗಾಗಿ ಮನೆಯ ತಂತಿಗಳು ಮೂರು ಕಿಲೋವಾಟ್ ಭಾರವನ್ನು ಗಂಟೆಗಟ್ಟಲೆ ಹೊತ್ತ ಅನುಭವವೇ ಇಲ್ಲದವು. ಮಿಕ್ಸರ್ ಐದು ನಿಮಿಷ ತಿರುಗುತ್ತದೆ. ಇಸ್ತ್ರಿ ಪೆಟ್ಟಿಗೆ ಕಾದು ನಿಂತು ಮತ್ತೆ ಕಾಯುತ್ತದೆ. ಕಾರು ಏಳೆಂಟು ಗಂಟೆ ಬಿಡದೆ ಎಳೆಯುತ್ತದೆ. ಪ್ಲಗ್ಗಿನ ಒಳಗಿನ ಸಡಿಲವಾದ ಒಂದು ಸಂಪರ್ಕ ಕೇವಲ 0.1 ಓಮ್ ರೋಧ ತೋರಿದರೂ 15 ಆಂಪಿಯರ್‌ನಲ್ಲಿ ಅಲ್ಲಿ 22 ವಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ 25 ವಾಟ್‌ನದು. ಒಂದು ಬೆಸುಗೆ ಕಡ್ಡಿಯನ್ನು ಪ್ಲಾಸ್ಟಿಕ್ ಸ್ವಿಚ್ ಬೋರ್ಡಿನ ಒಳಗಿಟ್ಟು ರಾತ್ರಿಯಿಡೀ ಮಲಗಿದಂತೆ. ಎಂ.ಸಿ.ಬಿ. ಇದನ್ನು ಕಾಣುವುದಿಲ್ಲ, ಏಕೆಂದರೆ ಪ್ರವಾಹ ಹೆಚ್ಚಾಗಿಲ್ಲ. ಮೀಟರ್ ಬೋರ್ಡಿನಿಂದ ನೇರವಾಗಿ 4 ಚದರ ಮಿ.ಮೀ. ತಾಮ್ರದ ತಂತಿ ಎಳೆದು, ಬೇರೆ ಯಾವುದಕ್ಕೂ ಹಂಚದೆ, ಒಂದು ಕೈಗಾರಿಕಾ ಮಾದರಿಯ ಸಾಕೆಟ್ ಹಾಕುವುದು ಇದಕ್ಕೆ ಪರಿಹಾರ. ಇದು ಕಷ್ಟದ ಕೆಲಸವಲ್ಲ, ನಮ್ಮ ಎಲೆಕ್ಟ್ರಿಷಿಯನ್‌ಗಳು ಚೆನ್ನಾಗಿ ಬಲ್ಲರು. ಕಷ್ಟವಿರುವುದು ಮುಂದಿನದರಲ್ಲಿ.

ಉರಿಯುವ ಬಲ್ಬು ಏನು ಹೇಳುತ್ತದೆ?

ಹೊಸನಗರದ ಕಡೆಯ ಪರಿಚಿತರೊಬ್ಬರ ಮನೆಗೆ ಹೊಸ ಕಾರು ಬಂತು. ಜೊತೆಗೆ ಬಂದ ಚಾರ್ಜರನ್ನು ಪ್ಲಗ್ಗಿಗೆ ಹಾಕಿದರೆ ಕೆಂಪು ದೀಪ. ಮನೆಗೆ ಅರ್ಥ್ ಇಲ್ಲ ಎಂಬುದು ಅದರ ಸೂಚನೆ. ಯಾರೋ ಬಂದರು, ಸಾಕೆಟ್ ಬಿಚ್ಚಿದರು, ಹತ್ತು ನಿಮಿಷದಲ್ಲಿ ದೀಪ ಹಸಿರಾಯಿತು. “ಈಗ ಸರಿ ಆತಲ್ಲ ಮಾರಾಯ್ರೆ” ಎಂದು ಹೋದರು. ಮುಂದಿನ ವಾರ ಹೋದಾಗ ನಾನು ಆ ಸಾಕೆಟ್ ನೋಡಿದೆ. ನ್ಯೂಟ್ರಲ್ ಪಿನ್ನಿನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ತಂತಿ ಹಾಕಲಾಗಿತ್ತು.

ಇದರಲ್ಲಿ ತಪ್ಪೇನು? ನ್ಯೂಟ್ರಲ್ ಅನ್ನು ಟಿ.ಸಿ. ಬಳಿ ಭೂಮಿಗೆ ಸೇರಿಸಿಯೇ ಇರುತ್ತಾರಲ್ಲ ಎಂದು ಕೇಳಬಹುದು. ಟಿ.ಸಿ.ಯಿಂದ ಮನೆಯವರೆಗೆ ನ್ಯೂಟ್ರಲ್ ತಂತಿ ಅಖಂಡವಾಗಿರುವಷ್ಟು ಕಾಲ ಕೆಡುಕಿಲ್ಲ. ಆದರೆ ಜುಲೈ ತಿಂಗಳ ಗಾಳಿಮಳೆಯಲ್ಲಿ ಮರದ ಕೊಂಬೆ ಬಿದ್ದು ನ್ಯೂಟ್ರಲ್ ಮಾತ್ರ ಕಡಿಯಿತೆನ್ನಿ. ಫೇಸ್ ಮನೆಯೊಳಗೆ ಬರುತ್ತಲೇ ಇದೆ. ಅದು ಯಾವುದೋ ಬಲ್ಬಿನ ಅಥವಾ ಫ್ರಿಜ್ಜಿನ ಮೂಲಕ ಹಾದು ಮನೆಯ ನ್ಯೂಟ್ರಲ್ಲಿಗೆ ಬರುತ್ತದೆ; ಮುಂದೆ ಹೋಗಲು ದಾರಿ ಇಲ್ಲ. ಆ ತುಂಡು ತಂತಿಯ ಮೂಲಕ ಅರ್ಥ್ ಪಿನ್ನಿಗೆ, ಅಲ್ಲಿಂದ ಕಾರಿನ ಲೋಹದ ಮೈಗೆ ಬಂದು ನಿಲ್ಲುತ್ತದೆ. ರಬ್ಬರ್ ಗಾಲಿಗಳ ಮೇಲಿರುವ ಕಾರು ಅದನ್ನು ಭೂಮಿಗೆ ಇಳಿಸುವುದಿಲ್ಲ. ಕರೆಂಟು ಹೋಯಿತೆಂದು ಒದ್ದೆ ಅಂಗಳದಲ್ಲಿ ಬಂದು ಬಾಗಿಲ ಹಿಡಿ ಹಿಡಿಯುವವರು ಭೂಮಿಗೆ ದಾರಿಯಾಗುತ್ತಾರೆ. ಚಾರ್ಜರ್ ಪೆಟ್ಟಿಗೆಯ ಒಳಗಿನ ಸೋರಿಕೆ ರಕ್ಷಣೆ ಸಾಮಾನ್ಯವಾಗಿ ಇದನ್ನು ಗುರುತಿಸದು. ಅದು ನೋಡುವುದು ಫೇಸ್ ಮತ್ತು ನ್ಯೂಟ್ರಲ್ ಪ್ರವಾಹಗಳ ವ್ಯತ್ಯಾಸವನ್ನು. ಇಲ್ಲಿ ವಿದ್ಯುತ್ತು ಬಂದಿರುವುದು ಅರ್ಥ್ ತಂತಿಯಿಂದಲೇ. ಕೆಂಪು ದೀಪ ನಿಜ ಹೇಳುತ್ತಿತ್ತು, ಹಸಿರು ದೀಪ ಸುಳ್ಳು ಹೇಳಿತು. ಆ ಎಲೆಕ್ಟ್ರಿಷಿಯನ್‌ರನ್ನು ಬೈದು ಪ್ರಯೋಜನವಿಲ್ಲ. ದೀಪ ಹಸಿರಾದರೆ ಕೆಲಸ ಮುಗಿಯಿತು ಎಂದು ಅವರಿಗೆ ಹೇಳಿಕೊಟ್ಟದ್ದು ಕೈಪಿಡಿಯೇ.

ಹಾಗಾದರೆ ಗುಂಡಿ ತೋಡಿ, ಕೊಳವೆ ಇಳಿಸಿ, ಉಪ್ಪು ಇದ್ದಿಲು ತುಂಬಿದರೆ ಆಯಿತೇ? ಕೊಳವೆಯ ಭೂರೋಧವನ್ನು ಲೆಕ್ಕ ಹಾಕಲು ಅರ್ಥಿಂಗ್ ಕುರಿತ ಭಾರತೀಯ ಮಾನಕ ಐ.ಎಸ್. 3043ರಲ್ಲಿ ಸೂತ್ರವಿದೆ. 2.5 ಮೀಟರ್ ಉದ್ದ, 4 ಸೆಂ.ಮೀ. ವ್ಯಾಸದ ಕೊಳವೆ, ಮಣ್ಣಿನ ರೋಧಶೀಲತೆ 100 ಓಮ್-ಮೀಟರ್ ಎಂದಿಟ್ಟುಕೊಂಡರೆ ಉತ್ತರ ಸುಮಾರು 35 ಓಮ್ ಬರುತ್ತದೆ. ನೂರು ಓಮ್-ಮೀಟರ್ ಎಂದರೆ ತೇವವುಳ್ಳ ಒಳ್ಳೆಯ ಮಣ್ಣು. ನಮ್ಮಲ್ಲಿ ಧರೆ ಕಡಿದು ಮಾಡಿದ ಅಂಗಳದಲ್ಲಿ ಎರಡು ಅಡಿ ಕೆಳಗೆ ಸಿಗುವುದು ಜಂಬಿಟ್ಟಿಗೆ. ಮಳೆಗಾಲದಲ್ಲಿ ಅದು ನೀರು ಕುಡಿದು ನಿಂತಿರುತ್ತದೆ. ಏಪ್ರಿಲ್ ಹೊತ್ತಿಗೆ ಒಣಗಿ ಕಲ್ಲಾಗುತ್ತದೆ. ಆಗ ರೋಧಶೀಲತೆ ಸಾವಿರ ಓಮ್-ಮೀಟರ್ ಎಂದಿಟ್ಟುಕೊಂಡರೆ ಅದೇ ಕೊಳವೆಯ ರೋಧ 350 ಓಮ್.

ಈಗ ಫೇಸ್ ತಂತಿ ಚಾರ್ಜರಿನ ಅಥವಾ ಸಾಕೆಟ್ಟಿನ ಲೋಹದ ಮೈಗೆ ತಗಲಿತು ಎನ್ನೋಣ. 350 ಓಮ್ ಇದ್ದರೆ ಭೂಮಿಗೆ ಹರಿಯುವುದು 0.66 ಆಂಪಿಯರ್. ಒಳ್ಳೆಯ ಮಣ್ಣಿನ 35 ಓಮ್ ಇದ್ದರೂ 6.6 ಆಂಪಿಯರ್ ಮಾತ್ರ. 16 ಆಂಪಿಯರ್‌ನ ಎಂ.ಸಿ.ಬಿ.ಗೆ ಇದು ಮಾಮೂಲು ಭಾರ. ಅದು ಬೀಳುವುದೇ ಇಲ್ಲ. ಲೋಹದ ಮೈ ಹೆಚ್ಚುಕಡಿಮೆ ಪೂರ್ಣ ವಿಭವದಲ್ಲಿ ಗಂಟೆಗಟ್ಟಲೆ ನಿಂತಿರುತ್ತದೆ. ‘ಸಿ’ ಬಗೆಯ 16 ಆಂಪಿಯರ್ ಎಂ.ಸಿ.ಬಿ. ಖಚಿತವಾಗಿ ತಕ್ಷಣ ಬೀಳಬೇಕಾದರೆ 160 ಆಂಪಿಯರ್ ಹರಿಯಬೇಕು, ಅಂದರೆ ಭೂಮಾರ್ಗದ ಒಟ್ಟು ರೋಧ 1.4 ಓಮ್‌ಗಿಂತ ಹೆಚ್ಚಿರಬಾರದು. ಮಲೆನಾಡಿನ ಮನೆಯಂಗಳದ ಒಂದು ಗುಂಡಿಯಿಂದ ಇದನ್ನು ನಿರೀಕ್ಷಿಸುವಂತಿಲ್ಲ. ‘ಅರ್ಥ್ ಗುಂಡಿ ಮಾಡಿಸಿದ್ದೇವೆ, ಭಯವಿಲ್ಲ’ ಎಂಬ ಮಾತು ಎಷ್ಟು ಪೊಳ್ಳು ಎಂದು ಈ ಒಂದು ಭಾಗಾಕಾರ ತೋರಿಸುತ್ತದೆ.

ಪರೀಕ್ಷೆ ಮಾಡುವ ರೀತಿಯೂ ನೋಡಬೇಕಾದ್ದೇ. ಫೇಸ್ ಮತ್ತು ಅರ್ಥ್ ನಡುವೆ ಒಂದು ಬಲ್ಬ್ ಹಿಡಿಯುತ್ತಾರೆ. ಉರಿದರೆ ಅರ್ಥ್ ಚೆನ್ನಾಗಿದೆ ಎನ್ನುತ್ತಾರೆ. ನೂರು ವಾಟ್‌ನ ಹಳೆಯ ಬಲ್ಬಿನ ರೋಧ ಉರಿಯುವಾಗ ಸುಮಾರು 530 ಓಮ್. ಅರ್ಥ್ 35 ಓಮ್ ಇದ್ದರೆ ಬಲ್ಬಿಗೆ 216 ವೋಲ್ಟ್ ಸಿಗುತ್ತದೆ, ನೂರು ಓಮ್ ಇದ್ದರೂ 193 ವೋಲ್ಟ್ ಸಿಗುತ್ತದೆ. ಎರಡರಲ್ಲೂ ಅದು ಉರಿಯುತ್ತದೆ. ಈಗಿನ ಎಲ್.ಇ.ಡಿ. ಬಲ್ಬು ಎಳೆಯುವ ಪ್ರವಾಹ ಇನ್ನೂ ಅಲ್ಪ. ಅರ್ಥ್ ನೂರಾರು ಓಮ್ ಇದ್ದರೂ ಅದು ನಗುನಗುತ್ತ ಬೆಳಗುತ್ತದೆ. ಅಂದರೆ ಹಳೆಯ ಕೆಟ್ಟ ಪರೀಕ್ಷೆ ಹೊಸ ಬಲ್ಬಿನಿಂದ ಇನ್ನಷ್ಟು ಕೆಟ್ಟಿದೆ. ಬಲ್ಬ್ ಹೇಳುವುದು ಅರ್ಥ್ ತಂತಿ ಎಲ್ಲೋ ಮಣ್ಣಿಗೆ ತಾಗಿದೆ ಎಂಬುದನ್ನು ಮಾತ್ರ. ಅಳೆಯಲು ಅರ್ಥ್ ಟೆಸ್ಟರ್ ಬೇಕು, ಅದೂ ಬೇಸಿಗೆಯ ಕೊನೆಯಲ್ಲಿ ಅಳೆಯಬೇಕು. ಮಳೆಗಾಲದ ಅಳತೆ ನಂಬಿದರೆ ಏಪ್ರಿಲ್‌ನಲ್ಲಿ ಮೋಸ ಹೋಗುತ್ತೇವೆ.

ಇದೆಲ್ಲದರಿಂದ ಪಾರು ಮಾಡುವುದು ಆರ್.ಸಿ.ಸಿ.ಬಿ. ಎಂಬ ಸಾಧನ. ಫೇಸಿನಲ್ಲಿ ಹೋದ ಪ್ರವಾಹ ನ್ಯೂಟ್ರಲ್ಲಿನಲ್ಲಿ ಪೂರ್ತಿ ಹಿಂತಿರುಗದೆ 30 ಮಿಲಿ ಆಂಪಿಯರ್‌ನಷ್ಟು ಬೇರೆ ದಾರಿ ಹಿಡಿದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಬಿಡುತ್ತದೆ. ಅದಕ್ಕೆ 350 ಓಮ್‌ನ ಅರ್ಥ್ ಕೂಡ ಸಾಕು, 0.66 ಆಂಪಿಯರ್ ಎಂದರೆ ಅದರ ಮಿತಿಯ ಇಪ್ಪತ್ತು ಪಟ್ಟಿಗೂ ಮೇಲೆ. ಹೀಗೆ ನೋಡಿದರೆ ಜಂಬಿಟ್ಟಿಗೆಯ ನಾಡಿನಲ್ಲಿ ಗುಂಡಿಯೂ ಆರ್.ಸಿ.ಸಿ.ಬಿ.ಯೂ ಜೋಡಿ, ಒಂದು ಬಿಟ್ಟು ಒಂದಿಲ್ಲ. ಕೊಳ್ಳುವಾಗ ಮೈಮೇಲಿನ ಗುರುತು ನೋಡಬೇಕು. ಬರೀ ಒಂದು ಅಲೆಯ ಚಿತ್ರವಿದ್ದರೆ ಅದು ‘ಎ.ಸಿ.’ ಬಗೆ, ಚಾರ್ಜರಿನ ಎಲೆಕ್ಟ್ರಾನಿಕ್ ಮಂಡಲದಿಂದ ಸೋರುವ ಏಕಮುಖ ಮಿಡಿತದ ಪ್ರವಾಹವನ್ನು ಅದು ಗುರುತಿಸಲಾರದು. ಅಲೆಯ ಕೆಳಗೆ ಅರ್ಧ ಅಲೆಗಳ ಸಾಲೂ ಇದ್ದರೆ ‘ಎ’ ಬಗೆ. ಬೇಕಾದ್ದು ಕನಿಷ್ಠ ಇದು.

ಒಳ್ಳೆಯ ನಿಯಮ, ಓದದ ನಿಯಮ

ಇದನ್ನು ನಾನು ಹೊಸದಾಗಿ ಹೇಳುತ್ತಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಿಗೆ 2019ರಲ್ಲಿ ಸೇರಿಸಿದ ಚಾರ್ಜಿಂಗ್ ಅಧ್ಯಾಯದಲ್ಲಿ ಇದೆಲ್ಲ ಇದೆ. ಪ್ರತಿ ಚಾರ್ಜಿಂಗ್ ಸ್ಥಾನಕ್ಕೂ ಪ್ರತ್ಯೇಕ ಮಂಡಲ, 30 ಮಿಲಿ ಆಂಪಿಯರ್ ಮೀರದ, ‘ಎ’ ಬಗೆಗೆ ಕಡಿಮೆಯಿಲ್ಲದ ಸೋರಿಕೆ ರಕ್ಷಣೆ, ನೆಲದಿಂದ ಕನಿಷ್ಠ 800 ಮಿ.ಮೀ. ಎತ್ತರದಲ್ಲಿ ಸಾಕೆಟ್, ವಾಹನ ನಿಲ್ಲುವ ಜಾಗ ಐದು ಮೀಟರ್ ಒಳಗೆ, ಎಕ್ಸ್‌ಟೆನ್ಷನ್ ತಂತಿಗೆ ನಿಷೇಧ, ಸಿಡಿಲಿನಿಂದ ರಕ್ಷಣೆ. ಬಹಳ ಎಚ್ಚರದಿಂದ ಬರೆದ ಅಧ್ಯಾಯ. ಅದರ ದೋಷ ಶೀರ್ಷಿಕೆಯಲ್ಲೇ ಇದೆ: ‘ಚಾರ್ಜಿಂಗ್ ಕೇಂದ್ರ’. ತೋಟದ ಮನೆಯವರು ತಮ್ಮ ಪ್ಲಗ್ಗನ್ನು ಕೇಂದ್ರವೆಂದು ಭಾವಿಸುವುದಿಲ್ಲ. ಮಂತ್ರಾಲಯದ ಮಾರ್ಗಸೂಚಿ ಅವರಿಗೆ ‘ಇರುವ ಸಂಪರ್ಕ ಬಳಸಿ’ ಎನ್ನುತ್ತದೆ. ಆ ಮಾತಿನ ಪಕ್ಕದಲ್ಲೇ ಈ ಅಧ್ಯಾಯವನ್ನು ತೋರಿಸುವ ಒಂದು ಸಾಲು ಬೇಕಿತ್ತು.

ಅದಕ್ಕಿಂತ ಹಳೆಯ ನಿಯಮವೊಂದಿದೆ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ, ಗ್ರಾಹಕರ ಆವರಣದಲ್ಲಿ ಸಂಪರ್ಕ ಆರಂಭವಾಗುವಲ್ಲಿ ಅವರ ಬಳಕೆಗೆ ಅರ್ಥ್ ಟರ್ಮಿನಲ್ ಒದಗಿಸುವುದು ವಿದ್ಯುತ್ ಪೂರೈಸುವವರ ಹೊಣೆ ಎಂದಿತ್ತು. 2010ರ ನಿಯಮಗಳಲ್ಲೂ ಅದು ಮುಂದುವರಿಯಿತು. ಓದುಗರು ಈ ಪುಟ ಮಡಿಸಿಟ್ಟು ತಮ್ಮ ಮನೆಯ ಮೀಟರ್ ಬೋರ್ಡಿನ ಹತ್ತಿರ ಹೋಗಿ ಅಂಥ ಟರ್ಮಿನಲ್ ಇದೆಯೇ ನೋಡಬಹುದು.

ನಿಯಮದ ಅಧ್ಯಾಯವೂ ಕಾಣದ ಸಂಗತಿಗಳಿವೆ. ನಮ್ಮಲ್ಲಿ ಕಾರು ನಿಲ್ಲುವುದು ಪೋರ್ಟಿಕೋದಲ್ಲಿ ಅಲ್ಲ. ಕೊಟ್ಟಿಗೆಯ ಮಾಡಿನ ಕೆಳಗೆ, ಒಂದು ಕಡೆ ಒಣಹುಲ್ಲು, ಇನ್ನೊಂದು ಕಡೆ ದನ. ದನಗಳಿಗೆ ಮನುಷ್ಯರಿಗಿಂತ ಕಡಿಮೆ ವಿಭವದಲ್ಲೇ ಅಪಾಯ. ನಾಲ್ಕು ಕಾಲೂ ಒದ್ದೆ ನೆಲದ ಮೇಲೆ, ಮುಂಗಾಲು ಹಿಂಗಾಲುಗಳ ನಡುವೆ ಅಂತರವೂ ಹೆಚ್ಚು. ಆದ್ದರಿಂದ ಅರ್ಥ್ ಕೊಳವೆಯನ್ನು ಕೊಟ್ಟಿಗೆಯಿಂದ ದೂರ ಹುಗಿಯಬೇಕು. ಇಲಿ ಕಡಿದ ತಂತಿಯ ಬಗ್ಗೆ ಯಾವ ಕೈಪಿಡಿಯೂ ಮಾತಾಡದು. ಸಿಡಿಲಿನ ವಿಷಯದಲ್ಲಿ ಮಾತ್ರ ನಮ್ಮ ಜನರೇ ಕೈಪಿಡಿಗಿಂತ ಜಾಣರು. ಏಪ್ರಿಲ್-ಮೇ ತಿಂಗಳಲ್ಲಿ ಆಗುಂಬೆಯ ಕಡೆ ಮೋಡ ಗುಡುಗಿದರೆ ಟಿ.ವಿ. ತಂತಿ ಕೀಳುವುದು ಹಳೆಯ ಅಭ್ಯಾಸ. ಕಾರಿನ ಪ್ಲಗ್ಗಿಗೂ ಅದೇ ಅಭ್ಯಾಸ ಸಾಕು, ಮೋಡ ಹತ್ತಿರ ಬರುವ ಮೊದಲೇ. ರಾತ್ರಿ ನಿದ್ದೆಯಲ್ಲಿರುವಾಗ ಬರುವ ಸಿಡಿಲಿಗೆ ಮೀಟರ್ ಬೋರ್ಡಿನಲ್ಲಿ ಸರ್ಜ್ ರಕ್ಷಕವೊಂದಿರಲಿ.

ಎಷ್ಟು ವಿದ್ಯುತ್ತು ಬೇಕು ಎಂಬುದನ್ನು ಮಾರುವವರು ಕೇಳುವುದಿಲ್ಲ. ಸಾಗರದಿಂದ ಶಿವಮೊಗ್ಗಕ್ಕೆ ಹೋಗಿ ಬರಲು ಸುಮಾರು 140 ಕಿ.ಮೀ. ಯೂನಿಟ್ಟಿಗೆ ಏಳು ಕಿ.ಮೀ. ಎಂದರೆ 20 ಯೂನಿಟ್. ಚಾರ್ಜರಿನ ನಷ್ಟ ಸೇರಿ 23 ಎನ್ನಿ. ಮೂರು ಕಿಲೋವಾಟ್‌ನಲ್ಲಿ ಎಂಟು ಗಂಟೆಯೊಳಗೆ, ಅಂದರೆ ಒಂದು ರಾತ್ರಿಯಲ್ಲಿ, ತುಂಬುತ್ತದೆ. ಹೀಗೆ ದಿನವೂ ಓಡುವವರು ಎಷ್ಟು ಜನ? ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಓಡುವ ಕಾರಿಗೆ 7.2 ಕಿಲೋವಾಟ್‌ನ ಪೆಟ್ಟಿಗೆ ಬೇಡ. ಹಲವು ಕಾರುಗಳಲ್ಲಿ ಪ್ರವಾಹವನ್ನು 10 ಆಂಪಿಯರ್‌ಗೆ ಇಳಿಸಿಕೊಳ್ಳುವ ಅವಕಾಶವೂ ಇದೆ. ಉದ್ದ ಮಾರ್ಗದ ತುದಿಯ ಮನೆಗೆ ನಾನು ಅದನ್ನೇ ಹೇಳುವೆ.

ಬಿಲ್ಲಿನ ವಿಚಾರ ಚುಟುಕಾಗಿ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ ಲೆಕ್ಕ 2022-23ರ ಸರಾಸರಿ ಬಳಕೆಯ ಮೇಲೆ ನಿಂತಿದೆ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು. 70 ಯೂನಿಟ್ ಬಳಸುತ್ತಿದ್ದ ಮನೆ ತಿಂಗಳಿಗೆ ಸಾವಿರ ಕಿ.ಮೀ. ಓಡುವ ಕಾರು ತಂದರೆ 230ರ ಹತ್ತಿರ ಹೋಗುತ್ತದೆ. ಚಾರ್ಜಿಂಗ್‌ಗೆ ವಿದ್ಯುತ್ ನಿಯಂತ್ರಣ ಆಯೋಗದ ಪ್ರತ್ಯೇಕ ದರಪಟ್ಟಿ ಇದೆ. ಬೇರೆ ಮೀಟರ್ ಹಾಕಿಸುವುದು ಲಾಭವೇ ಎಂದು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ತೋಟದ ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತಿಗೆ ಕಾರು ಜೋಡಿಸುವ ಉಪಾಯ ಕೆಲವರ ತಲೆಯಲ್ಲಿದೆ. 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅದು ಅನಧಿಕೃತ ಬಳಕೆ, ದಂಡದ ದರ ಎರಡು ಪಟ್ಟು. ಪಂಪಿನ ಸ್ಟಾರ್ಟರ್ ಡಬ್ಬಿಯ ಅರ್ಥ್ ಸ್ಥಿತಿ ಮನೆಯದಕ್ಕಿಂತ ಕೆಟ್ಟದಾಗಿರುವುದೇ ಹೆಚ್ಚು ಎಂಬುದು ಬೇರೆ ಮಾತು.

ಚಾರ್ಜರ್ ಜೋಡಿಸಿಕೊಟ್ಟವರು ಬರೆದುಕೊಡುವ ರಸೀದಿಯಲ್ಲಿ ಮೂರು ಸಂಖ್ಯೆಗಳಿರಬೇಕೆಂದು ಗ್ರಾಹಕರು ಕೇಳಲಿ: ಅರ್ಥ್ ಟೆಸ್ಟರ್ ತೋರಿಸಿದ ಓಮ್, ಅಳೆದ ತಿಂಗಳು, ಚಾರ್ಜ್ ಆಗುತ್ತಿರುವಾಗ ಪ್ಲಗ್ಗಿನಲ್ಲಿ ಉಳಿದ ವೋಲ್ಟೇಜ್. ಈಗಿನ ರಸೀದಿಗಳಲ್ಲಿ ಇರುವುದು ರೂಪಾಯಿಯ ಸಂಖ್ಯೆ ಒಂದೇ. ಹೊಸನಗರದ ಆ ಮನೆಯಲ್ಲಿ ತುಂಡು ತಂತಿ ಕಿತ್ತ ಮೇಲೆ ದೀಪ ಮತ್ತೆ ಕೆಂಪಾಯಿತು. ಬಾವಿಯ ಹತ್ತಿರದ ತಂಪು ಜಾಗದಲ್ಲಿ, ದನಗಳ ಓಡಾಟದಿಂದ ದೂರ, ಎರಡು ಕೊಳವೆ ಹುಗಿದು ಜೋಡಿಸಿ, ‘ಎ’ ಬಗೆಯ ಆರ್.ಸಿ.ಸಿ.ಬಿ. ಹಾಕಿಸಲಾಯಿತು. ಆರ್.ಸಿ.ಸಿ.ಬಿ. ಪೇಟೆಯ ಅಂಗಡಿಯಲ್ಲಿ ಸಿಗದೆ ಶಿವಮೊಗ್ಗದಿಂದ ತರಿಸಬೇಕಾಯಿತು; ಅದು ಬರುವವರೆಗೆ ನಾಲ್ಕು ದಿನ ಕಾರು ಅಂಗಳದಲ್ಲೇ ನಿಂತಿತ್ತು.